ಮಾನವ ಹಕ್ಕುಗಳ ಪ್ರದರ್ಶನದಲ್ಲಿ ಶಾಲಾ ತಂಡವನ್ನು ನಡೆಸುವುದು: ಶೈಕ್ಷಣಿಕ ಮಾರ್ಗದರ್ಶಕರಿಗೆ ಹಂತ ಹಂತದ ಕೈಪಿಡಿ

ಮಾನವ ಹಕ್ಕುಗಳ ವಸ್ತುಸಂಗ್ರಹಾಲಯದಲ್ಲಾಗಲಿ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ತಾಲ್ಲೂಕು ಕೇಂದ್ರಗಳಲ್ಲಿ ಗುರುಭವನವನ್ನೋ ಅಂಬೇಡ್ಕರ್ ಭವನವನ್ನೋ ಹಿಡಿದು ಕೆಲವು ದಿನ ಹೂಡುವ ಸಂಚಾರಿ ಪ್ರದರ್ಶನದಲ್ಲಾಗಲಿ, ಶಾಲಾ ತಂಡಗಳಿಗೆ ಮಾರ್ಗದರ್ಶಕರಾಗಿ ನಿಲ್ಲುವವರು ಬಹುಮಟ್ಟಿಗೆ ಒಂದೇ ಕಡೆ ಎಡವುತ್ತಾರೆ. ಅವರು ಓದಿಕೊಂಡಿರುತ್ತಾರೆ, ಮಾತು ಬಲ್ಲವರಾಗಿರುತ್ತಾರೆ, ಮಕ್ಕಳ ಮೇಲೆ ಅಕ್ಕರೆಯೂ ಇರುತ್ತದೆ. ಆದರೂ ಮುಕ್ಕಾಲು ಗಂಟೆ ಕಳೆಯುವಷ್ಟರಲ್ಲಿ ಕಾರ್ಯಕ್ರಮ ಭಾಷಣವಾಗಿ ಹೋಗಿರುತ್ತದೆ, ಇಲ್ಲವೇ ಮಕ್ಕಳು "ಪಾಪ, ಪಾಪ" ಎನ್ನುತ್ತ ಹೊರಬಂದು ಐಸ್‌ಕ್ಯಾಂಡಿ ಗಾಡಿಯತ್ತ ಓಡುತ್ತಾರೆ.

ಇದಕ್ಕೆ ಕಾರಣ ಒಂದು ತಪ್ಪು ಎಣಿಕೆ. ಅನ್ಯಾಯಕ್ಕೆ ಒಳಗಾದವರು ಗೋಡೆಯ ಮೇಲಿದ್ದಾರೆ, ಎದುರಿಗೆ ನಿಂತ ಮಕ್ಕಳು ನೋಡಲು ಬಂದವರು ಎಂದು ಮಾರ್ಗದರ್ಶಕರು ಭಾವಿಸಿರುತ್ತಾರೆ. ಜಗಳೂರಿನಿಂದಲೋ ಮೊಳಕಾಲ್ಮೂರಿನಿಂದಲೋ ಬಂದ ನಲವತ್ತು ಮಕ್ಕಳ ತಂಡದಲ್ಲಿ ಅಪ್ಪ ಪೌರಕಾರ್ಮಿಕರಾಗಿರುವ ಮಗು, ಅಕ್ಕನ ಮದುವೆ ಹದಿನೈದಕ್ಕೇ ಆಗಿಹೋದ ಮಗು, ರಜೆಯಲ್ಲಿ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುವ ಮಗು ಇರುವ ಸಾಧ್ಯತೆಯೇ ಹೆಚ್ಚು. ಗೋಡೆಯ ಮೇಲಿನ ಸಂಗತಿ ಎದುರಿಗಿರುವ ಯಾರದೋ ಮನೆಯ ಸಂಗತಿ ಎಂದು ಮೊದಲೇ ಗಟ್ಟಿಯಾಗಿ ನಂಬಿ ಕೆಲಸಕ್ಕೆ ಇಳಿಯಬೇಕು. ಕೆಳಗಿನ ಹಂತಗಳ ಕ್ರಮ ನಿಂತಿರುವುದು ಈ ಒಂದು ನಂಬಿಕೆಯ ಮೇಲೆ. ಆದ್ದರಿಂದ ಕ್ರಮವನ್ನು ಹಿಂದುಮುಂದು ಮಾಡಬಾರದು.

ಹಂತ 1: ಶಾಲೆಯೊಂದಿಗೆ ಮುಂಚಿತ ಮಾತುಕತೆ

ತಂಡ ಬರುವುದಕ್ಕೆ ಒಂದು ವಾರ ಮೊದಲು ಶಾಲೆಗೆ ಫೋನ್ ಮಾಡಬೇಕು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದರೆ ಸಾಲದು. ಅಂದು ಮಕ್ಕಳ ಜೊತೆ ನಿಜವಾಗಿ ಬರುವ ಶಿಕ್ಷಕರು ಯಾರೋ ಅವರೊಂದಿಗೇ ಮಾತನಾಡಬೇಕು. ಯಾವ ತರಗತಿ, ಎಷ್ಟು ಮಂದಿ, ಸಮಾಜ ವಿಜ್ಞಾನದಲ್ಲಿ ಸಂವಿಧಾನದ ಪಾಠ ಮುಗಿದಿದೆಯೇ, ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಕ್ಕಳು ಎಷ್ಟಿದ್ದಾರೆ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಈಚೆಗೆ ತರಗತಿಯಲ್ಲಿ ಯಾರ ಮನೆಯಲ್ಲಾದರೂ ಸಾವು, ಊರಿನಲ್ಲಿ ದೊಡ್ಡ ಜಗಳ, ಅರ್ಧಕ್ಕೆ ಶಾಲೆ ಬಿಟ್ಟ ಪ್ರಸಂಗ ನಡೆದಿದೆಯೇ ಎಂಬುದನ್ನೂ ಕೇಳಬೇಕು, ಆದರೆ ಹೆಸರು ಕೇಳಬಾರದು.

ಕೆಲವು ಶಿಕ್ಷಕರು ಸಹಾಯ ಮಾಡುವ ಭಾವದಲ್ಲಿಯೇ "ಇವರೆಲ್ಲ ಹಾಸ್ಟೆಲ್ ಮಕ್ಕಳು, ಆ ನಾಲ್ವರು ಇಂಥ ಕೇರಿಯವರು" ಎಂದು ವಿವರ ಕೊಡಲು ತೊಡಗುತ್ತಾರೆ. ಆಗ ಮಾತನ್ನು ನಯವಾಗಿ ಬೇರೆಡೆಗೆ ತಿರುಗಿಸಬೇಕು. ಯಾವ ಮಗು ಯಾವ ಜಾತಿಯದೆಂದು ತಿಳಿದ ಮಾರ್ಗದರ್ಶಕರ ಕಣ್ಣು, ಅಸ್ಪೃಶ್ಯತೆಯ ಫಲಕದ ಮುಂದೆ ತನ್ನಷ್ಟಕ್ಕೆ ತಾನೇ ಆ ಮಗುವಿನ ಕಡೆ ಹೊರಳುತ್ತದೆ. ಮಕ್ಕಳು ಅದನ್ನು ಕೂಡಲೇ ಗುರುತಿಸುತ್ತಾರೆ.

ಸಮಯದ ವಿಷಯ ಸಣ್ಣದೆನಿಸಿದರೂ ಸಣ್ಣದಲ್ಲ. ಬಿಸಿಯೂಟದ ಹೊತ್ತು ದಾಟಿದ ಮೇಲೆ ಹಸಿದ ಮಕ್ಕಳ ಮುಂದೆ ಹಕ್ಕಿನ ಮಾತು ನಿಲ್ಲುವುದಿಲ್ಲ. ಹನ್ನೊಂದಕ್ಕೆ ಶುರುಮಾಡಿ ಹನ್ನೆರಡೂಕಾಲಿಗೆ ಮುಗಿಸುವುದು ಉತ್ತಮ; ಊಟ ಎಲ್ಲಿ ಎಂಬುದು ಹಿಂದಿನ ದಿನವೇ ತೀರ್ಮಾನವಾಗಿರಬೇಕು. ಮಾನವ ಹಕ್ಕುಗಳ ದಿನವಾದ ಡಿಸೆಂಬರ್ 10ರಂದು ಎಲ್ಲ ಶಾಲೆಗಳೂ ಒಟ್ಟಿಗೆ ಬರಲು ಕೇಳುತ್ತವೆ. ಆ ದಿನ ನೂಕುನುಗ್ಗಲಿನಲ್ಲಿ ಏನೂ ಕಲಿಸಲಾಗದು, ಆದ್ದರಿಂದ ಅರ್ಧದಷ್ಟು ಶಾಲೆಗಳನ್ನಾದರೂ ಆಚೀಚಿನ ದಿನಗಳಿಗೆ ಹಂಚಬೇಕು. ಒಬ್ಬ ಮಾರ್ಗದರ್ಶಕರಿಗೆ ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳನ್ನು ಒಪ್ಪಿಸಿಕೊಳ್ಳಬಾರದು.

ಹಂತ 2: ಐದೇ ಫಲಕಗಳನ್ನು ಆರಿಸುವುದು

ಮೂವತ್ತು ಫಲಕಗಳಿದ್ದರೆ ಮೂವತ್ತನ್ನೂ ತೋರಿಸಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಐದಕ್ಕೆ ನಿಲ್ಲಿಸಬೇಕು; ಉಳಿದವನ್ನು ಮಕ್ಕಳು ಕೊನೆಯಲ್ಲಿ ತಾವೇ ತಿರುಗಾಡಿ ನೋಡಲಿ. ಆರಿಸಿದ ಐದರ ಅನುಕ್ರಮ ಹೀಗಿರಬೇಕು: ಮೊದಲನೆಯದು ಮಕ್ಕಳ ಕೈಯಲ್ಲಿ ಈಗಾಗಲೇ ಇರುವ ಒಂದು ಹಕ್ಕು; ಎರಡನೆಯದು ಆ ಹಕ್ಕನ್ನು ಬರೆದಿಟ್ಟ ದಾಖಲೆ; ಮೂರನೆಯದು ಹಕ್ಕು ಮುರಿದುಬಿದ್ದ ಪ್ರಸಂಗ; ನಾಲ್ಕನೆಯದು ಪರಿಹಾರಕ್ಕೆ ಇರುವ ದಾರಿ; ಐದನೆಯದು ಆ ದಾರಿಯಲ್ಲಿ ನಡೆದು ಏನನ್ನಾದರೂ ಬದಲಿಸಿದ ವ್ಯಕ್ತಿ. ಅತ್ಯಂತ ಕಠಿಣವಾದ ಫಲಕ ಮೂರನೆಯ ಸ್ಥಾನದಲ್ಲೇ ಬರಬೇಕು. ಅದನ್ನು ಮೊದಲಿಗೆ ಇಟ್ಟರೆ ಮಕ್ಕಳು ಮುದುಡಿಕೊಳ್ಳುತ್ತಾರೆ, ಕೊನೆಗೆ ಇಟ್ಟರೆ ಅದೊಂದನ್ನೇ ಹೊತ್ತುಕೊಂಡು ಬಸ್ ಹತ್ತುತ್ತಾರೆ.

ಮೊದಲ ನಿಲುಗಡೆಗೆ ನಮ್ಮ ಕಡೆಯ ಸರ್ಕಾರಿ ಶಾಲೆಗಳ ಮಕ್ಕಳಿಗೆ ಊಟದ ತಟ್ಟೆಗಿಂತ ಒಳ್ಳೆಯ ವಸ್ತು ಬೇರೊಂದಿಲ್ಲ. ಅಂಚು ಸ್ವಲ್ಪ ಬಾಗಿರುವ, ಹಿಂಬದಿಯಲ್ಲಿ ಮೊಳೆಯಿಂದ ಹೆಸರು ಗೀಚಿರುವ ಸ್ಟೀಲ್ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟು "ಇದು ಯಾರದ್ದು, ಇದರೊಳಗಿನ ಊಟವನ್ನು ಯಾರು ಕೊಡುತ್ತಾರೆ, ಕೊಡದಿದ್ದರೆ ಕೇಳಬಹುದೇ?" ಎಂದಷ್ಟೇ ಕೇಳಬೇಕು. ಹೆಚ್ಚಿನ ಮಕ್ಕಳು ಅದನ್ನು ಸರ್ಕಾರದ ಧರ್ಮ, ದಾನ ಎಂದೇ ತಿಳಿದಿರುತ್ತಾರೆ. ಸರ್ವೋಚ್ಚ ನ್ಯಾಯಾಲಯವು 28 ನವೆಂಬರ್ 2001ರಂದು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಅದನ್ನು ಕಾನೂನಿನ ಹಕ್ಕಾಗಿಸಿತು ಎಂದು ಹೇಳಿದಾಗ ಮಕ್ಕಳ ಮುಖದಲ್ಲಿ ಕಾಣುವ ಬದಲಾವಣೆಯ ಮೇಲೆಯೇ ಮುಂದಿನ ನಾಲ್ಕು ನಿಲುಗಡೆಗಳನ್ನು ಕಟ್ಟಬೇಕು.

ವಯಸ್ಸಿಗೆ ತಕ್ಕ ಆಯ್ಕೆ ಮುಖ್ಯ. ಏಳನೆಯ ತರಗತಿಯವರೆಗಿನ ಮಕ್ಕಳಿಗೆ ಗಾಯ, ಶವ, ಹಿಂಸೆಯ ಚಿತ್ರಗಳನ್ನು ತೋರಿಸಲೇಬಾರದು. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮಲ ಹೊರುವ ಕೆಲಸವನ್ನು ಹೊರಿಸಲಾಗಿದ್ದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಆ ಚಿತ್ರ ಪ್ರದರ್ಶನದಲ್ಲಿದ್ದರೆ ಅದು ಪದವಿಪೂರ್ವ ವಿದ್ಯಾರ್ಥಿಗಳಿಗೆ, ಅದೂ ಹಿನ್ನೆಲೆಯನ್ನು ವಿವರಿಸಿದ ಮೇಲೆ ಮಾತ್ರ. ಹಿನ್ನೆಲೆಯಿಲ್ಲದೆ ತೋರಿಸಿದರೆ ಆ ಪ್ರತಿಭಟನೆಯ ಸಿಟ್ಟು ಕಾಣುವುದಿಲ್ಲ, ಅಸಹ್ಯವೊಂದೇ ಕಾಣುತ್ತದೆ.

ಹಂತ 3: ಸಂಗತಿಗಳನ್ನು ಖಚಿತಪಡಿಸಿಕೊಳ್ಳುವುದು

ಮಕ್ಕಳು ಕೇಳುವ ಪ್ರಶ್ನೆಗಳಿಗಿಂತ ಶಿಕ್ಷಕರು ಮಧ್ಯೆ ಬಾಯಿ ಹಾಕಿ ಹೇಳುವ ಅರ್ಧ ಸತ್ಯಗಳನ್ನು ಸರಿಪಡಿಸುವುದೇ ಕಷ್ಟ. ಕೆಳಗಿನವನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರಬೇಕು.

ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯನ್ನು ವಿಶ್ವಸಂಸ್ಥೆಯ ಮಹಾಸಭೆ ಪ್ಯಾರಿಸ್‌ನಲ್ಲಿ 10 ಡಿಸೆಂಬರ್ 1948ರಂದು ಅಂಗೀಕರಿಸಿತು. ಅದರಲ್ಲಿ 30 ವಿಧಿಗಳಿವೆ. 48 ರಾಷ್ಟ್ರಗಳು ಪರವಾಗಿ ಮತ ಹಾಕಿದವು, 8 ತಟಸ್ಥವಾಗಿ ಉಳಿದವು, ವಿರುದ್ಧವಾಗಿ ಯಾರೂ ಮತ ಹಾಕಲಿಲ್ಲ. ಮೊದಲ ವಿಧಿಯಲ್ಲಿ "ಎಲ್ಲ ಪುರುಷರು" ಎಂಬ ಅರ್ಥ ಬರುತ್ತಿದ್ದುದನ್ನು "ಎಲ್ಲ ಮಾನವರು" ಎಂದು ಬದಲಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಹೆಣ್ಣುಮಕ್ಕಳ ತಂಡಕ್ಕೆ ಇದನ್ನು ಹೇಳದೆ ಬಿಡಬಾರದು. ಈ ಘೋಷಣೆ ನಮ್ಮ ನ್ಯಾಯಾಲಯಗಳಲ್ಲಿ ನೇರವಾಗಿ ಜಾರಿಯಾಗುವ ಕಾನೂನಲ್ಲ. ಇಲ್ಲಿ ಕೈಗೆ ಸಿಗುವ ಆಧಾರ ಸಂವಿಧಾನದ ಮೂಲಭೂತ ಹಕ್ಕುಗಳು, ಮತ್ತು ಅವುಗಳಿಗೆ ಧಕ್ಕೆ ಬಂದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಲು ಇರುವ 32ನೇ ವಿಧಿ, ಹೈಕೋರ್ಟಿಗೆ ಹೋಗಲು ಇರುವ 226ನೇ ವಿಧಿ.

ಬಾಲಕಾರ್ಮಿಕ ಪದ್ಧತಿಯ ಬಗ್ಗೆ ಹೆಚ್ಚಿನ ಗೊಂದಲವಿದೆ. ಸಂವಿಧಾನದ 24ನೇ ವಿಧಿ ಹೇಳುವುದು 14 ವರ್ಷದೊಳಗಿನವರನ್ನು ಕಾರ್ಖಾನೆ, ಗಣಿ ಮತ್ತು ಅಪಾಯಕಾರಿ ಕೆಲಸಗಳಲ್ಲಿ ತೊಡಗಿಸಬಾರದೆಂದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ನಂತರ 14ರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ, 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಇಟ್ಟುಕೊಳ್ಳುವಂತಿಲ್ಲ. ಶಾಲೆಯ ವೇಳೆಯ ನಂತರ ಸ್ವಂತ ಕುಟುಂಬದ ಕೆಲಸದಲ್ಲಿ ನೆರವಾಗುವುದಕ್ಕೆ ವಿನಾಯಿತಿಯಿದೆ. ಇದನ್ನು ಸರಿಯಾಗಿ ಹೇಳದಿದ್ದರೆ ಅಪ್ಪನ ಜೊತೆ ಹೊಲಕ್ಕೆ ಹೋಗುವ ಹುಡುಗ, ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆಂದು ಹೆದರಿ ಮನೆಗೆ ಹೋಗುತ್ತಾನೆ.

ಶಿಕ್ಷಣದ ಹಕ್ಕು 2002ರ 86ನೇ ತಿದ್ದುಪಡಿಯ ಮೂಲಕ 21ಎ ವಿಧಿಯಾಗಿ ಸೇರಿತು. ಅದರ ಕಾಯ್ದೆ 1 ಏಪ್ರಿಲ್ 2010ರಂದು ಜಾರಿಗೆ ಬಂದಿತು, ಅದು 6ರಿಂದ 14 ವರ್ಷದವರಿಗೆ ಅನ್ವಯಿಸುತ್ತದೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ರಚನೆಯಾದ ಮಾನವ ಹಕ್ಕುಗಳ ಆಯೋಗಗಳು ತನಿಖೆ ಮಾಡಿ ಶಿಫಾರಸು ಮಾಡುತ್ತವೆ, ಶಿಕ್ಷೆ ವಿಧಿಸುವುದಿಲ್ಲ. ಘಟನೆ ನಡೆದು ಒಂದು ವರ್ಷ ಕಳೆದ ದೂರನ್ನು ಅವು ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. "ಆಯೋಗಕ್ಕೆ ಬರೆದರೆ ಜೈಲಿಗೆ ಹಾಕುತ್ತಾರೆ" ಎಂದು ಮಕ್ಕಳಿಗೆ ಭರವಸೆ ಕೊಡುವುದು ಸುಳ್ಳು ಹೇಳಿದಂತೆ.

ಚಿತ್ರದುರ್ಗದಲ್ಲಿ ಇನ್ನೊಂದು ಸಂಗತಿ ಉಪಯೋಗಕ್ಕೆ ಬರುತ್ತದೆ. ಎಸ್. ನಿಜಲಿಂಗಪ್ಪನವರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು, ಅವರು ಹುಟ್ಟಿದ್ದೂ 1902ರ ಡಿಸೆಂಬರ್ 10ರಂದು. ಸೀಬಾರದ ಅವರ ಸ್ಮಾರಕವನ್ನು ಮಕ್ಕಳು ಹೆದ್ದಾರಿಯಲ್ಲಿ ಹೋಗುವಾಗ ನೋಡಿರುತ್ತಾರೆ. ಸಂವಿಧಾನವನ್ನು ದೂರದ ದಿಲ್ಲಿಯ ವಸ್ತುವೆಂದು ತಿಳಿದ ಮಕ್ಕಳಿಗೆ ಈ ಎಳೆ ಸಾಕು. ಇದನ್ನು ಹಿಡಿದುಕೊಂಡು ನಾಯಕರ ಗುಣಗಾನಕ್ಕೆ ಇಳಿದರೆ ಐದು ನಿಮಿಷ ನಷ್ಟ.

ಹಂತ 4: ಸಲಕರಣೆಗಳು

ಗೋಡೆಗೆ ಅಂಟಿಸಬಹುದಾದ ಚಿಕ್ಕ ಚೀಟಿಗಳು, ಮಕ್ಕಳ ಸಂಖ್ಯೆಗಿಂತ ಐದಾರು ಹೆಚ್ಚು ಪೆನ್ಸಿಲ್‌ಗಳು, ಬಾಯಿ ಮುಚ್ಚಿದ ಒಂದು ಪೆಟ್ಟಿಗೆ, ಕುಡಿಯುವ ನೀರು, ಕೈಗಡಿಯಾರ, ವಿದ್ಯುತ್ ಕೈಕೊಟ್ಟಾಗ ಬೇಕಾಗುವ ಬ್ಯಾಟರಿ ದೀಪ, ಸಹಾಯವಾಣಿ ಸಂಖ್ಯೆಗಳನ್ನು ಮುದ್ರಿಸಿದ ಪಟ್ಟಿ ಇಷ್ಟು ಸಾಕು. ಮೈಕ್ ಬೇಡ. ಮೈಕ್ ಕೈಗೆ ಬಂದ ಕೂಡಲೇ ಮಾರ್ಗದರ್ಶಕರ ದನಿ ವೇದಿಕೆಯ ದನಿಯಾಗುತ್ತದೆ. ಫಲಕಗಳಿಂದ ಸ್ವಲ್ಪ ದೂರದಲ್ಲಿ, ಎಲ್ಲರಿಗೂ ಕಾಣುವಂತೆ, ಎರಡು ಕುರ್ಚಿಗಳನ್ನು ಹಾಕಿಟ್ಟಿರಬೇಕು. ಯಾವ ಫಲಕವನ್ನಾದರೂ ನೋಡಲು ಮನಸ್ಸಿಲ್ಲದ ಮಗು ಕಾರಣ ಹೇಳದೆ ಅಲ್ಲಿ ಹೋಗಿ ಕೂರಬಹುದು.

ಹಂತ 5: ಬಾಗಿಲಲ್ಲಿ ಹತ್ತು ನಿಮಿಷ

ಒಳಗೆ ಕಾಲಿಡುವ ಮೊದಲು ಮಕ್ಕಳನ್ನು ನೆಲದ ಮೇಲೆ ಅರ್ಧವೃತ್ತದಲ್ಲಿ ಕೂರಿಸಿ, ಮಾರ್ಗದರ್ಶಕರೂ ಅವರ ಮಟ್ಟಕ್ಕೇ ಕೂರಬೇಕು. ಮೂರು ಮಾತುಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಇಲ್ಲಿ ಕೆಲವು ಬೇಸರದ ಸಂಗತಿಗಳಿವೆ, ನೋಡಲೇಬೇಕೆಂಬ ಒತ್ತಾಯವಿಲ್ಲ. ಯಾರೂ ತಮ್ಮ ಮನೆಯ ಅಥವಾ ಪಕ್ಕದವರ ಮನೆಯ ಕಥೆಯನ್ನು ಎಲ್ಲರ ಮುಂದೆ ಹೇಳಬೇಕಾಗಿಲ್ಲ, ಹೇಳಬೇಕೆನಿಸಿದರೆ ಕೊನೆಗೆ ಮಾರ್ಗದರ್ಶಕರ ಬಳಿ ಬರಬಹುದು. ಇಲ್ಲಿ ಯಾರ ಜಾತಿ, ಧರ್ಮ, ಊರು, ಕೇರಿಯ ಹೆಸರನ್ನೂ ಹಿಡಿದು ಮಾತನಾಡುವುದಿಲ್ಲ.

ಸಮಯವಿಲ್ಲವೆಂದು ಈ ಹಂತವನ್ನು ಹಾರಿಸುವವರೇ ಹೆಚ್ಚು. ಸಮಯ ಕಡಿಮೆಯಿದ್ದರೆ ಐದರಲ್ಲಿ ಒಂದು ಫಲಕವನ್ನು ಬಿಡಬಹುದು, ಬಾಗಿಲ ಮಾತನ್ನು ಬಿಡುವಂತಿಲ್ಲ.

ಹಂತ 6: ಫಲಕದ ಮುಂದೆ

ದುರ್ಗದ ಕೋಟೆಯಲ್ಲಿ ಗೈಡ್ ಕೆಲಸ ಮಾಡಿದವರು ಈ ಕೆಲಸಕ್ಕೆ ಬಂದಾಗ ಅವರ ಬಲವೇ ತೊಡಕಾಗುವುದುಂಟು. ಓಬವ್ವನ ಕಿಂಡಿಯ ಮುಂದೆ ನಿಂತು ಒನಕೆ ಎತ್ತಿದ ಕ್ಷಣವನ್ನು ದನಿ ಏರಿಸಿ ಹೇಳಿದರೆ ಕೇಳುವವರಿಗೆ ರೋಮಾಂಚನವಾಗುತ್ತದೆ. ಅಲ್ಲಿ ಅದು ಸರಿ. ಮ್ಯಾನ್‌ಹೋಲಿನಲ್ಲಿ ಸತ್ತವರ ಫಲಕದ ಮುಂದೆ ಅದೇ ದನಿಯಲ್ಲಿ ಹೇಳಿದರೆ ಒಬ್ಬರ ಸಾವು ಇನ್ನೊಬ್ಬರ ರೋಚಕ ಕಥೆಯಾಗುತ್ತದೆ. ಇಲ್ಲಿ ಮಾರ್ಗದರ್ಶಕರು ಫಲಕದ ಪಕ್ಕದಲ್ಲಿ ನಿಲ್ಲಬೇಕು, ಎದುರಿಗೆ ಅಡ್ಡವಾಗಿ ನಿಲ್ಲಬಾರದು. ಮಕ್ಕಳು ಮೊದಲು ಒಂದು ನಿಮಿಷ ಸುಮ್ಮನೆ ನೋಡಲಿ. ಆ ಒಂದು ನಿಮಿಷ ಮಾತಿಲ್ಲದೆ ನಿಲ್ಲುವುದು ಹೊಸಬರಿಗೆ ಎಲ್ಲಕ್ಕಿಂತ ಕಠಿಣವಾದ ಕೆಲಸ.

ಆಮೇಲೆ ನಾಲ್ಕು ಪ್ರಶ್ನೆಗಳು, ಇದೇ ಅನುಕ್ರಮದಲ್ಲಿ: ಏನು ಕಾಣಿಸುತ್ತಿದೆ? ಏನು ಇರಬೇಕಾಗಿತ್ತು, ಆದರೆ ಇಲ್ಲ? ಈ ಚಿತ್ರದಲ್ಲಿ ಇರಬೇಕಾಗಿದ್ದೂ ಕಾಣದೆ ಉಳಿದ ಜನ ಯಾರು? ಕಾನೂನು ಏನು ಹೇಳುತ್ತದೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಿತ್ರದಲ್ಲಿ ಒಬ್ಬ ಮನುಷ್ಯ ಮ್ಯಾನ್‌ಹೋಲಿನಲ್ಲಿ ಎದೆಯ ಮಟ್ಟಕ್ಕೆ ಇಳಿದಿದ್ದಾನೆ. ಬರಿ ಮೈ, ಒಂದು ಕೈಯಲ್ಲಿ ಬಿದಿರಿನ ಸೀಳು, ಇನ್ನೊಂದು ಕೈ ಕಲ್ಲಿನ ಅಂಚನ್ನು ಹಿಡಿದಿದೆ. ಮೇಲೆ ಯಾರದೋ ಎರಡು ಚಪ್ಪಲಿ ಕಾಲುಗಳು ಮಾತ್ರ ಕಾಣುತ್ತವೆ. ಮೊದಲ ಪ್ರಶ್ನೆಗೆ ಮಕ್ಕಳು ಇವನ್ನೆಲ್ಲ ಹೇಳುತ್ತಾರೆ. ಎರಡನೆಯ ಪ್ರಶ್ನೆಗೆ ಕೈಗವಸು, ಮುಖಗವಸು, ಹಗ್ಗ, ಯಂತ್ರ ಎಂಬ ಉತ್ತರಗಳು ಬರುತ್ತವೆ. ಮೂರನೆಯ ಪ್ರಶ್ನೆಗೆ ಸ್ವಲ್ಪ ಹೊತ್ತು ಮೌನ, ಆಮೇಲೆ ಯಾರಾದರೂ ಒಬ್ಬರು "ಇಳಿ ಅಂದವರು ಸರ್" ಎನ್ನುತ್ತಾರೆ. ಪಾಠ ಇರುವುದು ಅಲ್ಲಿಯೇ. ಚಪ್ಪಲಿ ಕಾಲುಗಳು ಯಾರವು, ಆ ಚರಂಡಿ ಯಾರದ್ದು, ಗುತ್ತಿಗೆ ಕೊಟ್ಟವರು ಯಾರು ಎಂದು ಮಾತು ಹೊಣೆಗಾರರ ಕಡೆಗೆ ಹೊರಳಿದಾಗ ಮಕ್ಕಳ ಬಾಯಿಂದ "ಪಾಪ" ಎಂಬ ಮಾತು ತಾನಾಗಿಯೇ ನಿಲ್ಲುತ್ತದೆ.

ಇದೇ ಫಲಕದ ಮುಂದೆ ಎರಡು ಮಾತುಗಳು ಬಂದೇ ಬರುತ್ತವೆ. ಮೊದಲನೆಯದು, "ಅವ್ರು ಬೇರೆ ಕೆಲ್ಸ ಮಾಡ್ಬೋದಲ್ಲ ಸರ್?" ಇದಕ್ಕೆ ಸಿಟ್ಟಾಗದೆ, ಬೇರೆ ಕೆಲಸ ಕೇಳಲು ಹೋದಾಗ ಯಾರು ಕೊಡುತ್ತಾರೆ, ಯಾರು ಕೊಡುವುದಿಲ್ಲ ಎಂದು ಮಕ್ಕಳನ್ನೇ ಕೇಳಬೇಕು. ಎರಡನೆಯದು, "ಅವ್ರ ಜಾತಿನೇ ಅದಲ್ವಾ ಸರ್." ಇಲ್ಲಿ ಗದರಬಾರದು, ಹಾಗೆಂದು ನುಂಗಿಕೊಂಡು ಮುಂದೆ ಹೋಗಲೂಬಾರದು. ಆ ಕೆಲಸವನ್ನು ಕೆಲವು ಜಾತಿಗಳ ಮೇಲೆ ಬಲವಂತವಾಗಿ ಹೊರಿಸಲಾಯಿತು, ಯಾವ ಜಾತಿಗೂ ಅದು ಹುಟ್ಟಿನಿಂದ ಬಂದ ಕೆಲಸವಲ್ಲ ಎಂದು ನೇರವಾಗಿ ಹೇಳಿ ಸಂಗತಿಗಳನ್ನು ಮುಂದಿಡಬೇಕು: ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಷೇಧಿಸಿದರು. ದೇಶದ ಮಟ್ಟದಲ್ಲಿ 1993ರಲ್ಲಿ ಒಂದು, 2013ರಲ್ಲಿ ಇನ್ನೂ ಬಿಗಿಯಾದ ಇನ್ನೊಂದು ಕಾಯ್ದೆ ಬಂದವು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಇಷ್ಟು ಕಾನೂನುಗಳಿದ್ದೂ ಈ ಚಿತ್ರ ಏಕೆ ಇಲ್ಲಿದೆ ಎಂಬ ಪ್ರಶ್ನೆಯನ್ನು ಮಕ್ಕಳಿಗೇ ಬಿಟ್ಟು ನಾಲ್ಕನೆಯ ಫಲಕಕ್ಕೆ ನಡೆಯಬೇಕು.

ಐದನೆಯ ನಿಲುಗಡೆಗೆ ಬೆಜವಾಡ ವಿಲ್ಸನ್ ಅವರ ಚಿತ್ರ ಇದ್ದರೆ ಸರಪಳಿ ಪೂರ್ತಿಯಾಗುತ್ತದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಇದೇ ಕೆಲಸ ಮಾಡುತ್ತಿದ್ದ ಕುಟುಂಬದಲ್ಲಿ ಹುಟ್ಟಿ, ಇದರ ನಿರ್ಮೂಲನೆಗೆ ಚಳವಳಿ ಕಟ್ಟಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು ಅವರು. ಅಪ್ಪ ಪೌರಕಾರ್ಮಿಕರಾಗಿರುವ ಆ ಮಗು ಮೂರನೆಯ ಫಲಕದ ಮುಂದೆ ತಲೆ ತಗ್ಗಿಸಿ ನಿಂತಿದ್ದರೆ, ತಲೆ ಎತ್ತಲು ಇದೊಂದು ಅವಕಾಶ. ಹಾಗೆಂದು ಯಾರು ತಲೆ ಎತ್ತಿದರು ಎಂದು ಹುಡುಕಲು ಹೋಗಬಾರದು.

ದಾವಣಗೆರೆಯ ತಂಡಗಳಿಗೆ ಮೂರನೆಯ ಫಲಕವಾಗಿ ದುಡಿಮೆಯ ಹಕ್ಕನ್ನು ಆರಿಸಬಹುದು. ಬಟ್ಟೆ ಗಿರಣಿಗಳಲ್ಲಿ ದುಡಿದವರ ಮೊಮ್ಮಕ್ಕಳು ಇಂದಿಗೂ ಅಲ್ಲಿನ ಶಾಲೆಗಳಲ್ಲಿದ್ದಾರೆ. ಸಂಘ ಕಟ್ಟುವ ಹಕ್ಕು ಸಾರ್ವತ್ರಿಕ ಘೋಷಣೆಯ 23ನೇ ವಿಧಿಯಲ್ಲಿಯೂ ವಿರಾಮದ ಹಕ್ಕು 24ನೇ ವಿಧಿಯಲ್ಲಿಯೂ ಇದೆ. ಪ್ರಶ್ನೆಗಳು ಅವೇ ನಾಲ್ಕು.

ಹಂತ 7: ಚಟುವಟಿಕೆ

ಮಕ್ಕಳಿಗೆ ಜಾತಿಯ ಚೀಟಿ ಹಂಚಿ "ನೀನು ಮೇಲ್ಜಾತಿ, ನೀನು ಕೆಳಜಾತಿ, ಈಗ ಬಾವಿಯ ಆಟ ಆಡೋಣ" ಎನ್ನುವ ಚಟುವಟಿಕೆಯನ್ನು ಎಲ್ಲಿಯೂ ಮಾಡಿಸಬಾರದು. ಇದನ್ನು ಮಾಡುವವರು ಜೊಹಾನ್ಸ್‌ಬರ್ಗ್‌ನ ವರ್ಣಭೇದ ವಸ್ತುಸಂಗ್ರಹಾಲಯದ ಹೆಸರು ಹೇಳುತ್ತಾರೆ. 2001ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ನೋಡುಗರಿಗೆ "ಬಿಳಿಯರು", "ಬಿಳಿಯರಲ್ಲದವರು" ಎಂಬ ಟಿಕೆಟ್‌ಗಳನ್ನು ಕಣ್ಣುಮುಚ್ಚಿ ಹಂಚಿ ಬೇರೆ ಬೇರೆ ಬಾಗಿಲುಗಳಿಂದ ಒಳಗೆ ಬಿಡುವುದು ನಿಜ. ಅಲ್ಲಿ ಅಪರಿಚಿತರು ಕೆಲವು ನಿಮಿಷ ಆ ಬೇಲಿಯ ಆಚೀಚೆ ನಡೆದು ಮತ್ತೆ ಒಂದಾಗಿ ತಮ್ಮ ಪಾಡಿಗೆ ಹೋಗುತ್ತಾರೆ. ಇಲ್ಲಿ ಆಟ ಆಡಿದ ಮಕ್ಕಳು ಮರುದಿನ ಅದೇ ತರಗತಿಯಲ್ಲಿ ಅದೇ ಬೆಂಚಿನ ಮೇಲೆ ಕೂರುತ್ತಾರೆ, ಆಟದಲ್ಲಿ ಅಂಟಿದ ಹೆಸರು ವರ್ಷಗಟ್ಟಲೆ ಉಳಿಯುತ್ತದೆ. ಚೀಟಿಯಲ್ಲಿ ಬಂದದ್ದು ಮಗುವಿನ ನಿಜವಾದ ಜಾತಿಗೇ ಹೊಂದಿಬಿಟ್ಟರೆ ಆಗುವ ನೋವಿಗೆ ಮಾರ್ಗದರ್ಶಕರ ಬಳಿ ಯಾವ ಮದ್ದೂ ಇರುವುದಿಲ್ಲ.

ಅದರ ಬದಲು ಒಂದು ಸರಳ ಕೆಲಸ ಕೊಡಬಹುದು. ಮೂವರು ಮೂವರಂತೆ ಗುಂಪಾಗಿ, ತಮ್ಮ ಶಾಲೆಯಲ್ಲೋ ಊರಲ್ಲೋ ಇರಬೇಕಾಗಿದ್ದೂ ಇಲ್ಲದ ಒಂದು ಸೌಲಭ್ಯವನ್ನು ಆರಿಸಿ, ಯಾರಿಗೆ ಅರ್ಜಿ ಬರೆಯಬೇಕೆಂದು ತೀರ್ಮಾನಿಸಿ, ನಾಲ್ಕು ಸಾಲಿನ ಅರ್ಜಿ ಬರೆಯಲಿ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ ಎಂಬುದರಿಂದ ಬೆಳಗಿನ ಬಸ್ಸು ನಿಲ್ಲಿಸುವುದಿಲ್ಲ ಎಂಬುದರವರೆಗೆ ಎಲ್ಲವೂ ಬರುತ್ತವೆ. ಗ್ರಾಮ ಪಂಚಾಯಿತಿ, ಶಾಲಾಭಿವೃದ್ಧಿ ಸಮಿತಿ, ಸಾರಿಗೆ ಡಿಪೊ ಇವುಗಳಲ್ಲಿ ಯಾವುದಕ್ಕೆ ಯಾವುದು ಎಂದು ಮಕ್ಕಳು ಚರ್ಚಿಸುವಾಗ ಮಧ್ಯೆ ಬಾಯಿ ಹಾಕಬಾರದು. ಲಂಬಾಣಿಯಲ್ಲೋ ಉರ್ದುವಿನಲ್ಲೋ ಮಾತನಾಡಿಕೊಂಡರೆ ಮಾತನಾಡಿಕೊಳ್ಳಲಿ.

ಹಂತ 8: ಮಗು ತನ್ನ ಕಷ್ಟವನ್ನು ಹೇಳಿಕೊಂಡಾಗ

ಈ ಹಂತ ಬರದೆಯೂ ಹೋಗಬಹುದು, ಆದರೆ ಇದಕ್ಕೆ ಸಿದ್ಧರಿಲ್ಲದವರು ಈ ಕೆಲಸಕ್ಕೆ ನಿಲ್ಲಬಾರದು. ಬರುವ ಮುನ್ಸೂಚನೆಗಳು ಸಾಮಾನ್ಯವಾಗಿ ಹೀಗಿರುತ್ತವೆ: ಒಂದು ಫಲಕದ ಮುಂದೆ ಮಾತ್ರ ಹಿಂದೆ ಉಳಿಯುವುದು, ಎಲ್ಲರೂ ಮುಂದೆ ಹೋದ ಮೇಲೆ ಒಬ್ಬಳೇ ಮರಳಿ ಬಂದು ಅದನ್ನು ಓದುವುದು, ಅತಿಯಾಗಿ ನಗುವುದು, "ನಮ್ ಫ್ರೆಂಡ್ ಒಬ್ಳಿಗೆ ಹಿಂಗಾಗಿದೆ ಮಿಸ್" ಎಂದು ಶುರುಮಾಡುವುದು.

ಆಗ ಮಗುವನ್ನು ಎಲ್ಲರಿಗೂ ಕಾಣುವ, ಆದರೆ ಮಾತು ಕೇಳಿಸದ ಜಾಗಕ್ಕೆ ಕರೆದೊಯ್ಯಬೇಕು. ಮುಚ್ಚಿದ ಕೋಣೆ ಬೇಡ. ಮಗು ಹೇಳಿದಷ್ಟನ್ನು ಕೇಳಬೇಕು. ಕೆದಕಬಾರದು, "ನೀನ್ಯಾಕೆ ಹೋದೆ", "ಮೊದಲೇ ಯಾಕೆ ಹೇಳಲಿಲ್ಲ" ಎಂಬ ಮಾತುಗಳು ಬಾಯಿಗೆ ಬರಕೂಡದು. "ಯಾರಿಗೂ ಹೇಳಬೇಡಿ" ಎಂದು ಮಗು ಕೇಳಿದರೆ ಮಾತು ಕೊಡಬಾರದು. ನಿನಗೆ ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ ಎಂದು ಸತ್ಯವನ್ನೇ ಹೇಳಬೇಕು. ಲೈಂಗಿಕ ದೌರ್ಜನ್ಯದ ಸಂಗತಿಯಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ತಿಳಿದವರು ಯಾರೇ ಆಗಲಿ, ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಅಥವಾ ಸ್ಥಳೀಯ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಮಾರ್ಗದರ್ಶಕರಿಗೆ ಇದರಲ್ಲಿ ವಿನಾಯಿತಿಯಿಲ್ಲ.

ಉಳಿದ ಸಂಗತಿಗಳಿಗೆ, ಅಂದರೆ ಬಾಲ್ಯವಿವಾಹದ ಸಿದ್ಧತೆ, ದುಡಿಮೆಗೆ ಕಳಿಸುವುದು, ಮನೆಯಲ್ಲಿ ಹೊಡೆತ ಇವುಗಳಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಂದೇ ಕರೆ ಮಾಡಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಂಖ್ಯೆಯೂ ಕೈಯಲ್ಲಿರಬೇಕು. ಜೊತೆಗೆ ಬಂದ ಶಿಕ್ಷಕರಿಗೆ ಹೇಳುವುದು ಸಾಮಾನ್ಯವಾಗಿ ಸರಿ, ಆದರೆ ಮಗು ಹೇಳಿದ್ದು ಶಾಲೆಯವರ ಬಗ್ಗೆಯೇ ಆಗಿದ್ದರೆ ಹೇಳಬಾರದು. ಮಗುವಿನ ಮಾತುಗಳನ್ನು ಅದರ ಮಾತಿನಲ್ಲೇ, ತಿದ್ದದೆ, ಅಂದು ಸಂಜೆಯೊಳಗೆ ಬರೆದಿಡಬೇಕು. ಹೆಸರು, ಚಿತ್ರ, ಊರು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಕೂಡದು.

ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಹೆಣ್ಣುಮಕ್ಕಳ ಹಕ್ಕಿನ ಫಲಕದ ಮುಂದೆ ಬೇರೆ ಊರಿನ ಹುಡುಗರು ಸಮುದಾಯದ ಹೆಸರು ಹಿಡಿದು ಗೇಲಿ ಮಾಡುವುದುಂಟು. ಸಮುದಾಯದ ಹೆಸರನ್ನು ಮಾರ್ಗದರ್ಶಕರು ತಾವಾಗಿ ಎತ್ತಬಾರದು. ಬೇರೆ ಬೇರೆ ರೂಪದಲ್ಲಿ ಈ ನಿರ್ಬಂಧ ಹೆಚ್ಚಿನ ಮನೆಗಳಲ್ಲಿದೆ, ಅಡುಗೆಮನೆಗೆ ಬರಬೇಡ ಎನ್ನುವುದೂ ಇದೇ ಸಾಲಿನದು ಎಂದು ಗೇಲಿ ಮಾಡುವವರ ಮನೆಯತ್ತಲೂ ಪ್ರಶ್ನೆಯನ್ನು ತಿರುಗಿಸಬೇಕು. ಮುಟ್ಟಾದವರನ್ನು ಬಲವಂತವಾಗಿ ಪ್ರತ್ಯೇಕಿಸಿ ಇರಿಸುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆಯ ಪ್ರಕಾರ ಅಪರಾಧ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ನಿಲ್ಲಿಸಬೇಕು. ಗೇಲಿಯನ್ನು ಅಲ್ಲಿಯೇ ತಡೆಯದಿದ್ದರೆ ಆ ಹಟ್ಟಿಯ ಹುಡುಗಿ ಆಮೇಲೆ ಬಾಯಿ ಬಿಡುವುದಿಲ್ಲ.

ಹಂತ 9: ದಾರಿ ತಪ್ಪುತ್ತಿರುವ ಲಕ್ಷಣಗಳು

ಮಾರ್ಗದರ್ಶಕರು ಎರಡು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಮಾತನಾಡುತ್ತಿದ್ದರೆ ಕಾರ್ಯಕ್ರಮ ಹಳಿ ತಪ್ಪಿದೆ ಎಂದೇ ತಿಳಿಯಬೇಕು. ಉತ್ತರ ಕೊಡುವವರು ಅವೇ ಮೂವರಾಗಿದ್ದರೆ ಪ್ರಶ್ನೆಯನ್ನು ಚೀಟಿಗೆ ಬದಲಿಸಬೇಕು. ಹೆಸರು ಬರೆಯದೆ ಉತ್ತರ ಬರೆದು ಪೆಟ್ಟಿಗೆಗೆ ಹಾಕಲಿ. ಶಿಕ್ಷಕರು "ಏಯ್, ಸುಮ್ನೆ ಕೇಳ್ರೋ" ಎಂದು ಬೆತ್ತ ಆಡಿಸುತ್ತಿದ್ದರೆ ಮಕ್ಕಳ ಮುಂದೆ ವಾದಕ್ಕೆ ಇಳಿಯದೆ "ಮೇಷ್ಟ್ರೇ, ಈ ಚೀಟಿಗಳನ್ನು ಸ್ವಲ್ಪ ಹಂಚಿಕೊಡ್ತೀರಾ?" ಎಂದು ಅವರ ಕೈಗೊಂದು ಕೆಲಸ ಕೊಡುವುದು ಬೇಗ ಫಲ ಕೊಡುತ್ತದೆ. ರಾಜಕೀಯ ಪಕ್ಷಗಳ ಹೆಸರು ಬಂದರೆ ಚರ್ಚೆಯನ್ನು ಮತ್ತೆ ಫಲಕದ ದಾಖಲೆಗೆ ತರಬೇಕು. ಮಗುವೊಂದು ಅತ್ತರೆ ಎಲ್ಲರನ್ನೂ ನಿಲ್ಲಿಸಿ ಸಮಾಧಾನ ಮಾಡುವುದು ಬೇಡ; ಕುರ್ಚಿಯ ಕಡೆ ಕರೆದೊಯ್ದು ನೀರು ಕೊಟ್ಟು, ಒಬ್ಬ ಗೆಳತಿಯನ್ನು ಪಕ್ಕದಲ್ಲಿ ಕೂರಿಸಿದರೆ ಸಾಕು.

ಹಂತ 10: ಮುಗಿಸುವುದು ಮತ್ತು ದಾಖಲಿಸುವುದು

ಕೊನೆಯ ಹತ್ತು ನಿಮಿಷ ಮಕ್ಕಳು ತಾವೇ ತಿರುಗಾಡಲಿ. ಸಹಾಯವಾಣಿಯ ಪಟ್ಟಿಯನ್ನು ಎಲ್ಲ ಮಕ್ಕಳಿಗೂ ಕೊಡಬೇಕು, ಬೇಕಾದವರು ಕೇಳಿ ಪಡೆಯಲಿ ಎನ್ನಬಾರದು; ಕೇಳಲು ಕೈ ಎತ್ತಿದವರ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಪಟ್ಟಿಯಲ್ಲಿ 1098, ತುರ್ತು ಸಂಖ್ಯೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿನ 15100 ಇರಲಿ. ಮಕ್ಕಳು ಬರೆದ ಅರ್ಜಿಗಳನ್ನು ಶಿಕ್ಷಕರ ಕೈಗೆ ಕೊಟ್ಟು, ಹದಿನೈದು ದಿನಗಳ ನಂತರ ಫೋನ್ ಮಾಡಿ ಯಾವುದನ್ನು ಕಳಿಸಿದರು, ಉತ್ತರ ಬಂತೇ ಎಂದು ಕೇಳಬೇಕು. ಈ ಕರೆ ಮಾಡದಿದ್ದರೆ ಅರ್ಜಿಗಳು ಶಾಲೆಯ ಬೀರುವಿನಲ್ಲೇ ಉಳಿಯುತ್ತವೆ.

ತಂಡ ಹೋದ ಕೂಡಲೇ ದಿನಾಂಕ, ತರಗತಿ, ಆರಿಸಿದ ಐದು ಫಲಕಗಳು, ಮಕ್ಕಳು ಕೇಳಿದ ಹೊಸ ಪ್ರಶ್ನೆಗಳು, ಉತ್ತರ ಗೊತ್ತಾಗದೆ ಉಳಿದವು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆಯಬೇಕು. ಇದರಲ್ಲಿ ಯಾವ ಮಗುವಿನ ಹೆಸರೂ ಇರಬಾರದು. ಎಂಟನೆಯ ಹಂತದ ಬರಹ ಬೇರೆಯೇ ಕಡೆ, ಬೀಗದೊಳಗೆ ಇರಬೇಕು. ಮುಂದಿನ ತಂಡ ಬರುವ ಮೊದಲು ಪುಸ್ತಕವನ್ನು ತೆರೆದು ನೋಡಬೇಕು. ಒಂದೇ ಫಲಕದ ಮುಂದೆ ಮೂರು ಶಾಲೆಗಳ ಮಕ್ಕಳು ನಕ್ಕಿದ್ದಾರೆ ಎಂದು ಅದರಲ್ಲಿ ಬರೆದಿದ್ದರೆ ಆ ಫಲಕವನ್ನು ಬದಲಿಸಬೇಕು, ಬದಲಿಸಲು ಬೇರೊಂದಿಲ್ಲದಿದ್ದರೆ ಅದರ ಮುಂದೆ ಕೇಳುವ ಮೊದಲ ಪ್ರಶ್ನೆಯನ್ನಾದರೂ ಬದಲಿಸಬೇಕು.